ಕ್ರಮಸಂಖ್ಯೆ ಕಳೆದುಕೊಂಡ ನೋಟುಗಳು

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೇನೆ ತಾನು ಗೆದ್ದ ಆಗ್ನೇಯ ಏಷ್ಯಾದ ನಾಡುಗಳಲ್ಲಿ ಹರಡಿದ ಕಾಗದದ ಹಣವು ಇಂದು ನೋಟು ಸಂಗ್ರಾಹಕರಿಗೆ ಬಲು ಅಗ್ಗವಾಗಿ ದೊರೆಯುವ ಯುದ್ಧಕಾಲದ ದಾಖಲೆಗಳಲ್ಲಿ ಒಂದಾಗಿದೆ. ಮಲಯದಲ್ಲಿ ಡಾಲರ್, ಬರ್ಮಾದಲ್ಲಿ ರೂಪಾಯಿ, ಫಿಲಿಪ್ಪೀನ್ಸಿನಲ್ಲಿ ಪೆಸೊ ಎಂದು ಆಯಾ ನಾಡಿನ ಜನಕ್ಕೆ ರೂಢಿಯಿದ್ದ ಹೆಸರುಗಳಲ್ಲಿಯೇ ಇವನ್ನು ಅಚ್ಚು ಹಾಕಿಸಲಾಯಿತು. ಯಾವ ನೋಟು ಯಾವ ನಾಡಿನದೆಂಬುದನ್ನು ಅದರ ಮೇಲಿನ ಇಂಗ್ಲಿಷ್ ಅಕ್ಷರಗಳಿಂದ ಗುರುತಿಸಬಹುದು: ‘ಎಂ’ ಎಂದು ಆರಂಭವಾದರೆ ಮಲಯ, ‘ಬಿ’ ಎಂದಾದರೆ ಬರ್ಮಾ, ‘ಪಿ’ ಎಂದಾದರೆ ಫಿಲಿಪ್ಪೀನ್ಸ್.

ಬೆಲೆಯ ಗುಟ್ಟು ಅಡಗಿರುವುದೂ ಈ ಅಕ್ಷರಗಳ ಬಳಿಯಲ್ಲೇ. ಬಾಳೆಗಿಡದ ಚಿತ್ರವಿರುವ, ಆ ಕಾರಣದಿಂದಲೇ ‘ಬನಾನಾ ಮನಿ’ ಎಂಬ ಅಡ್ಡಹೆಸರಿಗೆ ಮೂಲವಾದ ಮಲಯದ 10 ಡಾಲರಿನ ನೋಟನ್ನು ನೋಡಿದರೆ, ಮೊದಲ ಕಂತಿನ ನೋಟುಗಳಲ್ಲಿ ಅಕ್ಷರಗಳ ಜೊತೆಗೆ ಕ್ರಮಸಂಖ್ಯೆಯೂ, ಅಂದರೆ ಪ್ರತಿ ನೋಟಿಗೆ ಬೇರೆಬೇರೆಯಾದ ಅಂಕಿಯೂ, ಇರುವುದು ಕಾಣುತ್ತದೆ. ನಂತರದವುಗಳಲ್ಲಿ ಅಕ್ಷರಗಳಷ್ಟೇ ಉಳಿದಿವೆ. ಎಷ್ಟು ನೋಟು ಹೊರಬಂದಿವೆ ಎಂಬ ಲೆಕ್ಕಕ್ಕೆ ಆಧಾರವಾಗುವ ಅಂಕಿಯನ್ನೇ ಕೈಬಿಟ್ಟ ಆಡಳಿತ ಬೇಕೆಂದಷ್ಟು ಅಚ್ಚು ಹಾಕಿಸುತ್ತ ಹೋದಂತೆ ಸರಕಿನ ಬೆಲೆ ಗಗನಕ್ಕೇರಿತು, ಸಾಮಾನ್ಯರ ಸಂಬಳ ಉಳಿತಾಯಗಳೆರಡೂ ಕರಗಿದವು, ಕೊನೆಗೆ ಮಲಯಕ್ಕೆ 1,000 ಡಾಲರಿನ ನೋಟೂ ಬಂತು. 1945ರಲ್ಲಿ ಮರಳಿ ಬಂದ ಬ್ರಿಟಿಷ್ ಆಡಳಿತ ಮಲಯದಲ್ಲಿ ಈ ಹಣಕ್ಕೆ ಮಾನ್ಯತೆ ನೀಡದ ಕಾರಣ ಕಂತೆಗಟ್ಟಲೆ ನೋಟುಗಳು ಮನೆಗಳಲ್ಲಿಯೇ ಉಳಿದುಹೋದವು. ಹೀಗೆ ಹೇರಳವಾಗಿ ಉಳಿದವು ಇಂದಿಗೂ ಅಗ್ಗ, ಕ್ರಮಸಂಖ್ಯೆಯುಳ್ಳವು ದುಬಾರಿ. ಮುಖಬೆಲೆಯನ್ನಷ್ಟೇ ನೋಡಿ ಕೊಳ್ಳುವ ಹೊಸಬರು ಮೋಸಹೋಗುವುದು ಇಲ್ಲಿಯೇ.

ಭಾರತೀಯ ಸಂಗ್ರಾಹಕರಿಗೆ ಇದಕ್ಕಿಂತ ಹತ್ತಿರದ ಸರಣಿಯೊಂದಿದೆ. 1945ರಲ್ಲಿ ಬರ್ಮಾವನ್ನು ಮರಳಿ ವಶಪಡಿಸಿಕೊಂಡ ಬ್ರಿಟಿಷರು ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ಭಾರತದ ನೋಟುಗಳ ಮೇಲೆಯೇ, ಇವು ಬರ್ಮಾದ ಸೇನಾ ಆಡಳಿತದವು, ಅಲ್ಲಿ ಮಾತ್ರ ಚಲಾವಣೆಗೆ ಅರ್ಹ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆಯನ್ನು ಅಚ್ಚು ಹಾಕಿಸಿದರು. ಮುದ್ರಿತ ನೋಟಿನ ಮೇಲೆ ಹೀಗೆ ಮತ್ತೆ ಅಚ್ಚೊತ್ತುವುದನ್ನು ಸಂಗ್ರಾಹಕರು ಓವರ್‌ಪ್ರಿಂಟ್ ಎನ್ನುತ್ತಾರೆ. ಸಾಧಾರಣ ನೋಟಿಗೆ ಈಚೆಗೆ ಒಕ್ಕಣೆ ಸೇರಿಸಿ ಮಾರುವುದು ಕಷ್ಟದ ಕೆಲಸವಲ್ಲವಾದ್ದರಿಂದ, ಅಕ್ಷರಗಳ ಅಳತೆ ಮತ್ತು ಜೋಡಣೆಯನ್ನು ಖಚಿತವಾದ ಅಸಲಿ ಪ್ರತಿಯೊಂದಿಗೆ ಹೋಲಿಸಿ ನೋಡುವುದು, ನೋಟು ಮಡಿಸಿದಲ್ಲಿ ಶಾಯಿ ಹಳೆಯ ಗೆರೆಯ ಬಿರುಕಿನೊಳಕ್ಕೆ ಇಳಿದಿದೆಯೇ ಎಂದು ಭೂತಗನ್ನಡಿಯಲ್ಲಿ ಪರೀಕ್ಷಿಸುವುದು ಅಗತ್ಯ. ಹಾಗೆ ಇಳಿದಿದ್ದರೆ ಒಕ್ಕಣೆ ಬಿದ್ದದ್ದು ನೋಟು ಮಡಿಕೆಯಾದ ಮೇಲೆ ಎಂದಾಗುತ್ತದೆ, ಆಗ ಅನುಮಾನಿಸಲೇಬೇಕು.

ಕೊಂಡ ನೋಟನ್ನು ಕಾಪಾಡುವ ಉತ್ಸಾಹದಲ್ಲಿ ಲ್ಯಾಮಿನೇಷನ್ ಮಾಡಿಸುವ ಅಥವಾ ಸುಕ್ಕು ಬಿಡಿಸಲು ಇಸ್ತ್ರಿ ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಎರಡೂ ಅದರ ಬೆಲೆಯನ್ನು ಇಳಿಸುತ್ತವೆ. ಪಿವಿಸಿ ಚೀಲಗಳಿಂದ ಒಸರುವ ರಾಸಾಯನಿಕಗಳು ಕಾಗದಕ್ಕೆ ಹಾನಿ ಮಾಡುವುದರಿಂದ ಪಾಲಿಯೆಸ್ಟರ್ ಹಾಳೆಯ ಚೀಲಗಳಲ್ಲಿ, ತೇವ ಮತ್ತು ಬಿಸಿಲು ತಾಗದ ಕಡೆ ಇಡುವುದು ಒಳಿತು.