ಮನೆಯ ಸೇರು, ಅಂಗಡಿಯ ಸೇರು

ಸಂತೆಯಿಂದ ತಂದ ಅಕ್ಕಿಯನ್ನು ಮಡಕೆಗೆ ಸುರಿಯುವ ಮೊದಲು ಮನೆಯ ಸೇರಿನಲ್ಲಿ ಮತ್ತೊಮ್ಮೆ ಅಳೆದು ನೋಡುವ ವಾಡಿಕೆ ನಮ್ಮ ಹಳೆಯ ಕಾಲದ ಗೃಹಿಣಿಯರಲ್ಲಿ ಇತ್ತು. ಅಂಗಡಿಯವನು ಮೋಸಗಾರನೆಂಬ ತೀರ್ಮಾನವೇನೂ ಅದರ ಹಿಂದೆ ಇರಲಿಲ್ಲ. ಎಷ್ಟೇ ವರ್ತನೆಯ ಅಂಗಡಿಯಾದರೂ ಕೊಡುವವನ ಅಳತೆಗೆ ಕೊಳ್ಳುವವಳ ಅಳತೆ ತಾಳೆಯಾಗಬೇಕೆಂಬ ಲೋಕವಿವೇಕವಷ್ಟೇ ಅಲ್ಲಿದ್ದುದು. ಅಕ್ಕಿಯ ವಿಷಯದಲ್ಲಿ ಇಷ್ಟು ಸುಲಭವಾದ ಈ ವಿವೇಕವು, ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ, ನಾಲಗೆಗೆ ರುಚಿಸದ ಅಣುವಿಕಿರಣದ ವಿಷಯದಲ್ಲಿ ಹೇಗೆ ನಡೆದೀತೆಂಬ ಪ್ರಶ್ನೆಗೆ ಜಪಾನಿನ ಜನ 2011ರಲ್ಲಿ ತಮ್ಮ ಕೈಯಾರೆ ಉತ್ತರವನ್ನು ಕಂಡುಕೊಳ್ಳಬೇಕಾಯಿತು.

ಆ ವರ್ಷದ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಈಶಾನ್ಯ ಕರಾವಳಿಯಾಚೆ 9ರ ಪ್ರಮಾಣದ ಭೂಕಂಪವಾದೊಡನೆ, ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ ನಡೆಯುತ್ತಿದ್ದ ಮೂರು ರಿಯಾಕ್ಟರುಗಳೂ ನಿಯಮದಂತೆ ತಾವಾಗಿಯೇ ನಿಂತುವು. ಆದರೆ ಸೌದೆಯ ಒಲೆಗೂ ಅಣುವಿನ ಒಲೆಗೂ ಒಂದು ಭೇದವುಂಟು. ಕೊಳ್ಳಿಯನ್ನು ಹಿಂದಕ್ಕೆಳೆದರೆ ಸೌದೆಯ ಉರಿ ಆರುತ್ತದೆ. ಅಣುವಿನ ಒಲೆಯಲ್ಲಾದರೋ, ವಿದಳನ ನಿಂತ ಮೇಲೂ ಒಡೆದ ಚೂರುಗಳ ಕ್ಷಯದಿಂದ ಹುಟ್ಟುವ ಶಾಖವು, ಮೊದಲ ಕ್ಷಣಗಳಲ್ಲಿ ಪೂರ್ಣಶಕ್ತಿಯ ಶೇಕಡಾ 6–7ರಷ್ಟಿದ್ದು, ಕ್ರಮಕ್ರಮವಾಗಿ ಇಳಿಯುತ್ತ ತಿಂಗಳುಗಟ್ಟಲೆ ಉಳಿದುಕೊಳ್ಳುತ್ತದೆ. ಆ ಶಾಖವನ್ನು ಹೊತ್ತೊಯ್ಯಲು ನೀರು ಹರಿಯುತ್ತಿರಬೇಕು. ನೀರು ಹರಿಯಲು ಪಂಪು ಬೇಕು. ಪಂಪಿಗೆ ವಿದ್ಯುತ್ತು ಬೇಕು. ಸುಮಾರು 50 ನಿಮಿಷಗಳ ತರುವಾಯ 14–15 ಮೀಟರಿನ ಎತ್ತರಕ್ಕೆ ಏರಿಬಂದ ಸುನಾಮಿ ಆ ವಿದ್ಯುತ್ತನ್ನು ಒದಗಿಸುತ್ತಿದ್ದ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ತತ್ಫಲವಾಗಿ ಮೂರು ರಿಯಾಕ್ಟರುಗಳ ಇಂಧನವೂ ಕರಗಿಹೋಯಿತು.

ಸ್ಥಾವರವು ಎದುರಿಸಲು ಸಿದ್ಧವಾಗಿದ್ದುದು 5.7 ಮೀಟರಿನ ಅಲೆಯನ್ನು. 15.7 ಮೀಟರಿನ ಅಲೆಯೂ ಬರಬಹುದೆಂಬ ಲೆಕ್ಕಾಚಾರ 2008ರಷ್ಟು ಹಿಂದೆಯೇ ಸ್ಥಾವರದ ಒಡೆತನ ಹೊಂದಿದ್ದ ಟೆಪ್ಕೊ ಕಂಪನಿಯೊಳಗೆ ನಡೆದಿದ್ದಿತು. ಗೋಡೆ ಮಾತ್ರ ಏಳಲಿಲ್ಲ. ಎಬ್ಬಿಸಿರೆಂದು ಗದರಿಸಬೇಕಾಗಿದ್ದ ಸುರಕ್ಷಾ ಇಲಾಖೆಯು, ಅಣುವಿದ್ಯುತ್ತನ್ನು ಬೆಳೆಸುವ ಹೊಣೆ ಹೊತ್ತಿದ್ದ ಸಚಿವಾಲಯದ ಆಶ್ರಯದಲ್ಲಿಯೇ ಇದ್ದಿತು. ಜಪಾನಿನ ಸಂಸತ್ತು ಕಿಯೋಶಿ ಕುರೊಕಾವಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸ್ವತಂತ್ರ ಆಯೋಗವು 2012ರ ಜುಲೈನಲ್ಲಿ ಈ ಅನರ್ಥವನ್ನು ಮನುಷ್ಯಕೃತವೆಂದೇ ಕರೆದುದಕ್ಕೆ ಕಾರಣ ಇದೇ.

ಅಳತೆಯ ಕಥೆ ಆರಂಭವಾಗುವುದು ಇಲ್ಲಿಂದ. ಮಾರ್ಚ್ 12ರ ಸಂಜೆಗೆ ಸರ್ಕಾರವು ಸ್ಥಾವರದ ಸುತ್ತ 20 ಕಿಲೋಮೀಟರಿನ ವೃತ್ತವನ್ನೆಳೆದು ಒಳಗಿನವರನ್ನು ಹೊರಡಿಸಿತು. ಗಾಳಿಯಾದರೋ ಕೈವಾರದ ಗೆರೆಯನ್ನು ಮನ್ನಿಸತಕ್ಕದ್ದಲ್ಲ. 15ರಂದು ಅದು ವಾಯವ್ಯಕ್ಕೆ ಬೀಸಿತು; ಮಳೆಯೂ ಹಿಮವೂ ಸೇರಿ, ಕರಗಿದ ಇಂಧನದಿಂದ ಹೊರಬಿದ್ದು ಗಾಳಿಯಲ್ಲಿ ತೇಲುತ್ತಿದ್ದ ವಿಕಿರಣಶೀಲ ಸೀಸಿಯಮ್ಮನ್ನು ಆ ದಿಕ್ಕಿನ ಬೆಟ್ಟ, ಕಣಿವೆ, ಗದ್ದೆಗಳ ಮೇಲೆ ಇಳಿಸಿಬಿಟ್ಟುವು. ಕರಾವಳಿಯ ನಮಿಯೆ ಪಟ್ಟಣವನ್ನು ತೊರೆದ ಸಾವಿರಾರು ಜನ ಸುರಕ್ಷಿತವೆಂದು ನಂಬಿ ಆಶ್ರಯ ಪಡೆದಿದ್ದುದು ಅದೇ ದಿಕ್ಕಿನ ತ್ಸುಶಿಮಾ ಎಂಬಲ್ಲಿ. ವಿಕಿರಣದ ಮೋಡ ಎತ್ತ ಸಾಗೀತೆಂದು ಗಣಿಸಿ ಹೇಳುವ 'ಸ್ಪೀಡಿ' ಎಂಬ ಗಣಕವ್ಯವಸ್ಥೆ ಸರ್ಕಾರದ ಬಳಿ ಇರಲಿಲ್ಲವೆಂದಲ್ಲ. ಅದರ ನಕ್ಷೆ ಜನರ ಕಣ್ಣಿಗೆ ಬಿದ್ದುದು ಮಾರ್ಚ್ 23ರಂದು. ವೃತ್ತದ ಹೊರಗಿದ್ದ ಇಯಿತಾತೆ ಗ್ರಾಮವನ್ನು ತೆರವುಗೊಳಿಸುವ ಆಜ್ಞೆ ಹೊರಟುದು ಏಪ್ರಿಲ್ 22ರಂದು.

ತಮ್ಮ ಅಂಗಳದಲ್ಲಿ ಎಷ್ಟು ವಿಕಿರಣವಿದೆಯೆಂದು ಕೇಳಿದ ಜನಕ್ಕೆ ದೂರದ ಯಾವುದೋ ಮಾಪನಕೇಂದ್ರದ ಅಂಕಿಯೋ ಊರಿನ ಸರಾಸರಿಯೋ ದೊರೆಯುತ್ತಿದ್ದ ಆ ದಿನಗಳಲ್ಲಿ, 'ಸೇಫ್‌ಕಾಸ್ಟ್' ಎಂಬ ಸ್ವಯಂಸೇವಕರ ಗುಂಪೊಂದು ರೂಪುಗೊಂಡಿತು. ಅಂಗಡಿಗಳಲ್ಲಿ ಗೈಗರ್ ಮಾಪಕಗಳು ಮುಗಿದುಹೋಗಿದ್ದುವಾದ್ದರಿಂದ, ಅವರು ತಮ್ಮದೇ ಒಂದು ಉಪಕರಣವನ್ನು ಜೋಡಿಸಿ, ಜಪಾನೀಯರ ಊಟದ ಡಬ್ಬಿಯಾದ 'ಬೆಂಟೊ'ವನ್ನು ನೆನೆದು ಅದಕ್ಕೆ 'ಬಿ-ಗೈಗಿ' ಎಂದು ಹೆಸರಿಟ್ಟರು. ಅದರ ಜೀವಾಳವೆಂದರೆ ಸಣ್ಣ ಬಿಲ್ಲೆಯಾಕಾರದ ಒಂದು ಗೈಗರ್–ಮುಲ್ಲರ್ ನಳಿಕೆ. 1928ರಷ್ಟು ಹಳೆಯ ಶೋಧ. ನಳಿಕೆಯ ಮುಖಕ್ಕೆ ಅಭ್ರಕದ ಅತಿತೆಳುವಾದ ಪೊರೆ. ಒಳಗೆ ಕಡಿಮೆ ಒತ್ತಡದ ಅನಿಲ. ಆ ಅನಿಲದ ಮೇಲೆ ನೂರಾರು ವೋಲ್ಟಿನ ಸೆಳೆತ. ವಿಕಿರಣದ ಒಂದೇ ಒಂದು ಕಣ ಒಳಹೊಕ್ಕು ಅನಿಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಸಾಕು, ಅದು ಧಾವಿಸುವ ದಾರಿಯಲ್ಲಿ ಇನ್ನೊಂದನ್ನು, ಅವೆರಡೂ ಮತ್ತೆರಡನ್ನು ಕೀಳುತ್ತ, ಬೆಟ್ಟದಿಂದ ಉರುಳಿದ ಕಲ್ಲು ನೂರು ಕಲ್ಲುಗಳನ್ನು ಉರುಳಿಸುವಂತೆ, ಕಣ್ಣೆವೆಯಿಕ್ಕುವಷ್ಟರಲ್ಲಿ ಒಂದು ವಿದ್ಯುತ್ ಮಿಡಿತವೆದ್ದು 'ಟಿಕ್' ಎಂಬ ಸದ್ದಾಗುತ್ತದೆ.

ಈ ಪೆಟ್ಟಿಗೆಯನ್ನು ಕಾರಿನ ಕಿಟಕಿಯ ಹೊರಗೆ ಸಿಕ್ಕಿಸಿಕೊಂಡು ಸ್ವಯಂಸೇವಕರು ಊರೂರು ಸುತ್ತಿದರು. ಐದೈದು ಸೆಕೆಂಡಿಗೊಮ್ಮೆ ಅದು ಟಿಕ್ಕುಗಳ ಎಣಿಕೆಯನ್ನೂ, ಉಪಗ್ರಹದಿಂದ ತಿಳಿದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ದಾಖಲಿಸುತ್ತ ಹೋಯಿತು. ಒಂದು ಬೀದಿಗೂ ಮುಂದಿನ ಬೀದಿಗೂ, ಅಂಗಳದ ನಡುವಿಗೂ ಸೂರಿನ ನೀರು ಬೀಳುವ ಮೂಲೆಗೂ ಇದ್ದ ಅಂತರ, ಸರಾಸರಿಯು ಮುಚ್ಚಿಟ್ಟಿದ್ದ ಅಂತರ, ಹೀಗೆ ಬಯಲಾಯಿತು. ಕೆಲವೆಡೆ ಜನ ಹೆದರಿದ್ದಕ್ಕಿಂತ ಕಡಿಮೆ ಅಂಕಿಯೂ ಕಂಡುಬಂದು ನೆಮ್ಮದಿಯೂ ಲಭಿಸಿತು. ಯಾರು ಬೇಕಾದರೂ ಬಳಸಬಹುದೆಂದು ತೆರೆದಿಟ್ಟ ಈ ದಾಖಲೆಗಳ ಸಂಖ್ಯೆ ಮುಂದೆ 10 ಕೋಟಿಯನ್ನು ದಾಟಿತು.

ಆದರೆ ಮನೆಯ ಸೇರಿಗೂ ಅದರದೇ ಮಿತಿಗಳುಂಟು. ಗೈಗರ್ ನಳಿಕೆ ಟಿಕ್ಕೆಂದುದು ಸೀಸಿಯಮ್ಮಿಗೋ, ಅಂಗಳದ ಗ್ರಾನೈಟ್ ಕಲ್ಲಿನಲ್ಲಿ ಅನಾದಿಯಿಂದ ಇರುವ ಥೋರಿಯಮ್ಮಿಗೋ ಎಂಬುದನ್ನು ಅದು ಹೇಳಲಾರದು. ಅಕ್ಕಿ, ಹಾಲು, ಅಣಬೆಗಳಲ್ಲಿ ಬೆರೆತುದನ್ನು ತಿಳಿಯಲು ಬೇರೆಯೇ ಯಂತ್ರ ಬೇಕು. ಇವಾಕಿ ನಗರದ ತಾಯಂದಿರು 2011ರ ನವೆಂಬರಿನಲ್ಲಿ 'ತರಾಚಿನೆ' ಎಂಬ ಪ್ರಯೋಗಾಲಯವನ್ನೇ ತೆರೆದು, ತಾವೇ ಮಾಪನವನ್ನು ಕಲಿತು, ಮಕ್ಕಳ ಆಹಾರವನ್ನು ಅಳೆಯತೊಡಗಿದ್ದು ಈ ಕಾರಣಕ್ಕಾಗಿ. ವಿಕಿರಣದ ಕೆಲವು ರೂಪಗಳಂತೂ ಹೊರಗಿನವರ ಯಾವ ಸಾಮಾನ್ಯ ಉಪಕರಣಕ್ಕೂ ಸಿಕ್ಕುವುದಿಲ್ಲ.

ಇದಕ್ಕೆ ನಿದರ್ಶನವನ್ನರಸಿ ಜಪಾನಿಗೆ ಹೋಗಬೇಕಾಗಿಲ್ಲ. 2009ರ ನವೆಂಬರಿನಲ್ಲಿ ನಮ್ಮ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರೊಂದಕ್ಕೆ ಟ್ರಿಟಿಯಂ ಬೆರೆತ ಭಾರಜಲ ಸೇರಿದ್ದಿತು. ಟ್ರಿಟಿಯಮ್ಮಿನ ಬೀಟಾ ಕಿರಣವು ನಮ್ಮ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟಲಾರದಷ್ಟು ದುರ್ಬಲ; ಗೈಗರ್ ನಳಿಕೆಯ ಅಭ್ರಕವನ್ನು ಅದು ದಾಟುವುದೆಂತು? ಆದರೆ ಕುಡಿದರೆ ಮೈಯ ನೀರಿನೊಡನೆ ನೀರಾಗಿ ಬೆರೆತುಹೋಗುತ್ತದೆ. ಸಂಗತಿ ಹೊರಬಿದ್ದುದು ಕೆಲಸಗಾರರ ಮೂತ್ರವನ್ನು ವಾಡಿಕೆಯಂತೆ ಪರೀಕ್ಷಿಸಿದಾಗ. ಸ್ಥಾವರದ ಬೇಲಿಯಾಚೆ ಕದ್ರಾದಲ್ಲೋ ಕಾರವಾರದಲ್ಲೋ ಗೈಗರ್ ಮಾಪಕವನ್ನು ಹಿಡಿದು ನಿಂತವನಿಗೆ ಇದರ ಸುಳಿವೂ ಹತ್ತುತ್ತಿರಲಿಲ್ಲ.

ಮನೆಯ ಸೇರಿನಲ್ಲಿ ಅಳೆಯಲಾಗದ ಪದಾರ್ಥವಿದ್ದಲ್ಲಿ ಅಂಗಡಿಯ ಖಾತೆಪುಸ್ತಕವೇ ತೆರೆದಿರಬೇಕಾಗುತ್ತದೆ. ಫ್ರಾನ್ಸಿನಲ್ಲಿ 1981ರಿಂದ ಅಣುಸ್ಥಾವರಗಳ ಸುತ್ತ ಸ್ಥಳೀಯ ಮಾಹಿತಿ ಸಮಿತಿಗಳು ಏರ್ಪಟ್ಟು, 2006ರ ಕಾನೂನು ಅವಕ್ಕೆ ಶಾಸನದ ಬಲವನ್ನಿತ್ತಿತು. ಚುನಾಯಿತರೂ ಕಾರ್ಮಿಕ ಸಂಘದವರೂ ಪರಿಸರವಾದಿಗಳೂ ಅಲ್ಲಿ ಕುಳಿತು ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ಕುರಿತ ಪ್ರಶ್ನೆಗಳನ್ನು ಮುಂದಿಟ್ಟು, ಎಂಬತ್ತೇಳರ ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರ ಮೇ ತಿಂಗಳಿನಲ್ಲಿ, ಇಂಧನವಿನ್ನೂ ಒಳಹೋಗುವ ಮೊದಲು, ಅಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಮೈ ಕಳಚಿಬಿದ್ದಾಗ, ಅವರು ಕೇಳಿದ್ದು ಸಲ್ಲದ ಪ್ರಶ್ನೆಗಳಲ್ಲವೆಂಬುದು ಹಲವರಿಗೆ ಹೊಳೆಯಿತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲವೆಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಆಕ್ಷೇಪಿಸಿತು.

ಸೇರನ್ನು ಕೈಗೆತ್ತಿಕೊಂಡ ಗೃಹಿಣಿಯ ಮೇಲೆ ನೇರವಾದ ಅಂಗಡಿಯವನು ಸಿಡುಕಿದ್ದಿಲ್ಲ. ಅವಳ ಅಳತೆಯಿಂದ ಅವನ ಸೇರಿಗೇ ಬೆಲೆ ಬರುತ್ತಿತ್ತು. ಅಣುವಿನ ಒಲೆ ಹೂಡಿದವರು ನೆರೆಹೊರೆಯವರನ್ನು ಕುರಿತು ಇಷ್ಟೇ ನಿಶ್ಚಿಂತೆಯಿಂದ 'ಬನ್ನಿ, ನೀವೂ ಅಳೆಯಿರಿ, ಖಾತೆಯನ್ನೂ ನೋಡಿರಿ' ಎನ್ನಬಲ್ಲರಾದರೆ, ಸುರಕ್ಷೆಯ ಭರವಸೆಗೆ ಬೇರೆ ಜಾಹೀರಾತು ಬೇಕಾಗದು.