ಹತ್ತಡಿ ಕೋಣೆಗೆ ಎಷ್ಟು ಇಂಚಿನ ಟಿವಿ?

ಪ್ರಶ್ನೆ: ನಮ್ಮ ಮಲಗುವ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ. ಕಡಿಮೆ ಬೆಲೆಯ ಟಿವಿ ಬೇಕು. 24 ಇಂಚು ಸಾಕೋ, 32 ಬೇಕೋ? ಕರೆಂಟು ಬಹಳ ಎಳೆಯುತ್ತದೆಯೇ?
– ಓದುಗರು, ಗೋಕಾಕ ಫಾಲ್ಸ್

ಉತ್ತರ: 32 ಇಂಚಿನದನ್ನೇ ತೆಗೆದುಕೊಳ್ಳಿ. ಇಂಚಿನ ಲೆಕ್ಕ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. 32 ಇಂಚಿನ ಪರದೆ ಸುಮಾರು 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಇರುತ್ತದೆ, 24 ಇಂಚಿನದರ ಅಗಲ 53 ಸೆಂ.ಮೀ. ಮಾತ್ರ. ದಿಂಬಿಗೆ ಒರಗಿ ಆರೇಳು ಅಡಿ ದೂರದಿಂದ ನೋಡುವಾಗ, ಸುದ್ದಿಯ ಕೆಳಗೆ ಓಡುವ ಸಾಲು ಸಣ್ಣ ಪರದೆಯಲ್ಲಿ ಕಣ್ಣಿಗೆ ತ್ರಾಸು ಕೊಡುತ್ತದೆ.

ಅಷ್ಟು ದೂರಕ್ಕೆ ಎಚ್‌ಡಿ ರೆಡಿ, ಅಂದರೆ 1366×768 ಚುಕ್ಕಿಗಳ ಪರದೆ ಸಾಕು. 4ಕೆಗೆ ದುಡ್ಡು ಸುರಿಯಬೇಡಿ. ಅಂಗಡಿಯಲ್ಲಿ ಟಿವಿಯ ಎದುರು ನಿಂತಷ್ಟೇ ನೋಡಬೇಡಿ. ಪಕ್ಕಕ್ಕೆ ಸರಿದು, ಬಗ್ಗಿ ನೋಡಿ. ಮುಖದ ಬಣ್ಣ ಮಾಸಿದರೆ ಬಿಟ್ಟುಬಿಡಿ. ಹಾಸಿಗೆಯಿಂದ ನೋಡುವವರಿಗೆ ಈ ಓರೆನೋಟವೇ ಮುಖ್ಯ. ಐಪಿಎಸ್ ಪ್ಯಾನೆಲ್ ಇದರಲ್ಲಿ ಒಳ್ಳೆಯದು. ದನಿಯನ್ನೂ ಕೇಳಿ ನೋಡಿ. ತೆಳು ಟಿವಿಗಳ ಸ್ಪೀಕರ್ ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ, ಮಾತು ಮಂಕಾಗಬಹುದು.

ಬಹಳ ಹಿಂದೆಯೇ ಘಟಪ್ರಭಾ ನದಿಯ ನೀರಿನಿಂದ ವಿದ್ಯುತ್ ತೆಗೆದ ಊರು ನಿಮ್ಮದು. ಕರೆಂಟಿನ ಲೆಕ್ಕ ಕೇಳಿದ್ದು ಸರಿಯೇ ಆಯಿತು. 40 ವಾಟ್‌ನ ಟಿವಿಯನ್ನು ದಿನಕ್ಕೆ ಮೂರು ತಾಸು ನೋಡಿದರೆ ತಿಂಗಳಿಗೆ 3.6 ಯೂನಿಟ್. ಹೆಸ್ಕಾಂ ಬಿಲ್ಲಿಗೆ ಅದು ಭಾರವಲ್ಲ. ವಾಟ್ ಎಷ್ಟೆಂದು ಟಿವಿಯ ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ.

ಗೋಡೆಗೆ ಬಹಳ ಎತ್ತರದಲ್ಲಿ ಹಾಕಿಸಬೇಡಿ, ಕತ್ತು ನೋಯುತ್ತದೆ. ಬಿಐಎಸ್ ಗುರುತು ನೋಡಿ, ಪಕ್ಕಾ ಬಿಲ್ಲು ತೆಗೆದುಕೊಳ್ಳಿ. ನೂರಿನ್ನೂರು ಕಡಿಮೆ ಬೆಲೆಗಿಂತ ಗೋಕಾಕದಲ್ಲೋ ಬೆಳಗಾವಿಯಲ್ಲೋ ರಿಪೇರಿ ಸಿಗುವ ಕಂಪನಿಯೇ ಲಾಭ.