ಪೈಪಿನೊಳಗೆ ಗಾಟಿಂಗೆನ್ನಿನ ಮರಳು

ಪಂಪಾಗಲಿ, ಟರ್ಬೈನಾಗಲಿ, ಹಡಗಾಗಲಿ, ಕಟ್ಟುವ ಮೊದಲು ಎಂಜಿನಿಯರುಗಳು ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಾರೆ. ಅಲ್ಲಿ ನೀರು ಸುಳಿ ಸುತ್ತುತ್ತದೆ, ಒತ್ತಡ ಏರಿಳಿಯುತ್ತದೆ. ಗೋಡೆ ಮಾತ್ರ ನಿಜದ್ದಲ್ಲ. ತೆರೆಯ ಮೇಲಿನ ಪೈಪಿನ ಒಳಮೈಯಲ್ಲಿ ಒಂದು ಗೀರೂ ಇರುವುದಿಲ್ಲ. ಎರಕದ ಕಬ್ಬಿಣದ ಪೈಪಿನೊಳಗೆ ಒಮ್ಮೆ ಬೆರಳಾಡಿಸಿದರೆ ಸಾಕು, ಎರಡಕ್ಕೂ ಎಷ್ಟು ದೂರವೆಂದು ತಿಳಿಯುತ್ತದೆ.

ಆ ಉಬ್ಬುತಗ್ಗುಗಳನ್ನೇ ಬಿಡಿಸಿಬಿಡಬಹುದಲ್ಲ? ಒಂದು ಚದರ ಸೆಂಟಿಮೀಟರ್ ಮೈಯಲ್ಲಿ ಮೈಕ್ರಾನಿಗೊಂದರಂತೆ ಚುಕ್ಕಿಯಿಟ್ಟರೆ 10 ಕೋಟಿ ಚುಕ್ಕಿಗಳಾಗುತ್ತವೆ. ಇದು ಬರಿಯ ಗೋಡೆಯ ಲೆಕ್ಕ. ಮೇಲೆ ಹರಿಯುವ ನೀರಿನದು ಇನ್ನೂ ಬಾಕಿ. ಹಾಗಾಗಿ ಸಾಫ್ಟ್‌ವೇರ್ ನುಣುಪು ಗೋಡೆಯನ್ನೇ ಇಟ್ಟುಕೊಂಡು, ‘ಒರಟುತನದ ಎತ್ತರ’ ಎಂಬ ಒಂದೇ ಸಂಖ್ಯೆಯನ್ನು ಕೇಳುತ್ತದೆ. ಆ ಸಂಖ್ಯೆಯ ಹುಟ್ಟೂರು ಜರ್ಮನಿಯ ಗಾಟಿಂಗೆನ್.

ಹರಿವಿನ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲರ ಬಳಿ ಅಲ್ಲಿ ಕೆಲಸ ಮಾಡುತ್ತಿದ್ದ, ಜಾರ್ಜಿಯಾ ಮೂಲದ ಯೊಹಾನ್ ನಿಕುರಾಡ್ಸೆ ಮರಳನ್ನು ಜರಡಿ ಹಿಡಿದು ಒಂದೇ ಗಾತ್ರದ ಕಾಳುಗಳನ್ನು ಬೇರ್ಪಡಿಸಿದರು. ಪೈಪಿಗೆ ಮೆರುಗೆಣ್ಣೆ ತುಂಬಿ ಹೊರಚೆಲ್ಲಿ, ಅದು ಅಂಟಂಟಾಗಿರುವಾಗಲೇ ಮರಳು ತುಂಬಿ ಸುರಿದರು. ಒಣಗಿದ ಮೇಲೆ, ಕಾಳುಗಳು ಉದುರದಿರಲೆಂದು ಮತ್ತೊಮ್ಮೆ ಮೆರುಗೆಣ್ಣೆ ಕುಡಿಸಿದರು. ನೀರು ಹರಿಸಿ ಒತ್ತಡದ ಇಳಿತವನ್ನು ಅಳೆದರು. 1933ರಲ್ಲಿ ಪ್ರಕಟವಾದ ಆ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹರಿವು ನಿಧಾನವಾಗಿದ್ದಾಗ ಅಲ್ಲಿ ಮರಳಿದೆಯೆಂಬುದೇ ನೀರಿಗೆ ತಾಕುವುದಿಲ್ಲ. ಗೋಡೆಗೆ ಅಂಟಿಕೊಂಡ ನೀರಿನ ಮಂದ ಪದರ ಕಾಳುಗಳನ್ನು ಮುಚ್ಚಿರುತ್ತದೆ. ವೇಗ ಏರಿದಂತೆ ಪದರ ತೆಳುವಾಗಿ ಕಾಳುಗಳು ತಲೆಯೆತ್ತುತ್ತವೆ. ಪೂರ್ತಿ ಹೊರಬಂದ ಮೇಲೆ ಘರ್ಷಣೆಯ ಗುಣಾಂಕವನ್ನು ನಿರ್ಧರಿಸುವುದು ಒಂದೇ: ಪೈಪಿನ ವ್ಯಾಸಕ್ಕೆ ಹೋಲಿಸಿದರೆ ಕಾಳು ಎಷ್ಟು ದೊಡ್ಡದು ಎಂಬುದು.

ಮಾರುಕಟ್ಟೆಯ ಪೈಪಿನಲ್ಲಿ ಉಬ್ಬುಗಳೆಲ್ಲ ಒಂದೇ ಗಾತ್ರದವಲ್ಲ. ದೊಡ್ಡವು ಮೊದಲು, ಚಿಕ್ಕವು ಆಮೇಲೆ ಪದರದಿಂದ ಹೊರಬರುವುದರಿಂದ ಬದಲಾವಣೆ ಮೆಲ್ಲಗಾಗುತ್ತದೆ. ಇದನ್ನು ಹಿಡಿದ ಸೂತ್ರ ಕೋಲ್‌ಬ್ರುಕ್ ಅವರದು, 1939ರದ್ದು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ, 1944ರ ಮೂಡಿ ನಕ್ಷೆ ನಿಂತಿರುವುದೂ ಅದರ ಮೇಲೆಯೇ.

ಈಗ ಸಾಫ್ಟ್‌ವೇರ್ ಕೇಳುವ ಸಂಖ್ಯೆಗೆ ಬರೋಣ. ನಿಮ್ಮ ಮೈಯಷ್ಟೇ ಘರ್ಷಣೆ ಕೊಡುವ ನಿಕುರಾಡ್ಸೆಯ ಮರಳುಕಾಳು ಯಾವ ಗಾತ್ರದ್ದು? ಅದು ಕೇಳುತ್ತಿರುವುದು ಇಷ್ಟು. ವರ್ಕ್‌ಶಾಪಿನಲ್ಲಿ ಸೂಜಿ ಹರಿಸಿ ಅಳೆದ ‘ಆರ್‌ಎ’, ಎಂದರೆ ಸರಾಸರಿ ಉಬ್ಬುತಗ್ಗು, ಇದಕ್ಕೆ ಉತ್ತರವಲ್ಲ. ಅದನ್ನೇ ನೇರವಾಗಿ ತುಂಬಿದರೆ ಲೆಕ್ಕ ಮೊದಲ ಸಾಲಿನಲ್ಲೇ ದಾರಿ ತಪ್ಪುತ್ತದೆ. ಲೇತಿನ ಉಳಿ ಬಿಟ್ಟ ಚೂಪು ಏಣುಗಳ ಮೈಗೂ ಹೋನಿಂಗ್ ಮಾಡಿದ ಎಂಜಿನ್ ಸಿಲಿಂಡರಿನ ಮೈಗೂ ಒಂದೇ ಆರ್‌ಎ ಬರಬಹುದು. ಸಿಲಿಂಡರಿನ ಮೈ ಮೇಲೆ ಸಮತಟ್ಟು, ನಡುನಡುವೆ ಎಣ್ಣೆ ಹಿಡಿದಿಡುವ ಆಳದ ಗೀರುಗಳು. ಏಣು ಹರಿವಿಗೆ ಅಡ್ಡ ನಿಂತು ತಡೆಯುತ್ತದೆ. ಗೀರಿನ ಮೇಲೆ ಹರಿವು ಹೆಚ್ಚು ತಡೆಯಿಲ್ಲದೆ ದಾಟಿಹೋಗುತ್ತದೆ. ಸರಾಸರಿಯ ಲೆಕ್ಕದಲ್ಲಿ ಉಬ್ಬಿಗೂ ತಗ್ಗಿಗೂ ಒಂದೇ ಬೆಲೆ.

ಇನ್ನೊಂದು ಇಕ್ಕಟ್ಟೂ ಇದೆ. ಲೆಕ್ಕಕ್ಕಾಗಿ ಸಾಫ್ಟ್‌ವೇರ್ ಹರಿವನ್ನು ಪುಟ್ಟ ಕೋಶಗಳ ಬಲೆಯಾಗಿ, ಎಂದರೆ ಮೆಶ್ಶಾಗಿ, ಹೋಳು ಮಾಡುತ್ತದೆ. ನಿಖರತೆಗಾಗಿ ಗೋಡೆಯ ಬಳಿ ಮೆಶ್ಶನ್ನು ಸಣ್ಣ ಮಾಡುತ್ತ ಹೋದರೆ, ಮೊದಲ ಕೋಶವೇ ಊಹೆಯ ಮರಳುಕಾಳಿಗಿಂತ ಗಿಡ್ಡವಾಗಿ, ಒರಟುತನವನ್ನು ಲೆಕ್ಕಕ್ಕೆ ತರುವ ಸೂತ್ರ ಅರ್ಥ ಕಳೆದುಕೊಳ್ಳುತ್ತದೆ.

ನನಗೆ ಸರಿಯೆನಿಸುವ ದಾರಿ ಎರಡು ಹೆಜ್ಜೆಯದು. ನಿಜವಾದ ಮೈಯ ಒಂದು ಚಿಕ್ಕ ತುಣುಕನ್ನು ಬೆಳಕಿನಿಂದ ಸ್ಕ್ಯಾನ್ ಮಾಡಿ, ಅದರ ಪ್ರತಿ ಉಬ್ಬನ್ನೂ ಉಳಿಸಿಕೊಂಡು, ಅದರ ಮೇಲಿನ ಹರಿವನ್ನು ಪೂರ್ತಿ ಲೆಕ್ಕಹಾಕುವುದು ಮೊದಲನೆಯದು. ಅಲ್ಲಿ ಸಿಕ್ಕ ಸಮಾನ ಮರಳುಕಾಳಿನ ಗಾತ್ರವನ್ನು ಇಡೀ ಯಂತ್ರದ ಲೆಕ್ಕಕ್ಕೆ ಕೊಡುವುದು ಎರಡನೆಯದು. ದುಬಾರಿ ಹೌದು. ಆದರೆ ಲೋಹದ ಪುಡಿಯಿಂದ ಮುದ್ರಿಸಿದ ಬಿಡಿಭಾಗಗಳ ಮೈಗೆ ಅರೆಕರಗಿದ ಪುಡಿ ಅಂಟಿಕೊಂಡಿರುತ್ತದೆ. ಕೈಪಿಡಿಯ ಹಳೆಯ ಕೋಷ್ಟಕಗಳನ್ನು ಅಂಥ ಮೈಗಾಗಿ ಬರೆದಿರಲಿಲ್ಲ.

ಮೈ ಇದ್ದಂತೆಯೇ ಉಳಿಯುವುದೂ ಇಲ್ಲ. ಟರ್ಬೈನಿನ ಅಲಗು ಸವೆಯುತ್ತದೆ, ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟುತ್ತವೆ. ಹಳತಾದ ಕಬ್ಬಿಣದ ಪೈಪಿನಲ್ಲಿ ಒರಟುತನ ಹೆಚ್ಚುಕಡಿಮೆ ವರ್ಷಗಳ ಲೆಕ್ಕಕ್ಕೆ ಸಮನಾಗಿ ಬೆಳೆಯುತ್ತದೆಂದೂ ಆ ಬೆಳವಣಿಗೆಯ ವೇಗ ನೀರಿನ ಆಮ್ಲೀಯತೆಯನ್ನು ಅವಲಂಬಿಸಿದೆಯೆಂದೂ ಕೋಲ್‌ಬ್ರುಕ್ ಮತ್ತು ವೈಟ್ 1937ರಲ್ಲೇ ತೋರಿಸಿದ್ದರು. ಹೊಸ ಪೈಪಿನ ಸಂಖ್ಯೆಯಿಂದ ಆರಿಸಿದ ಪಂಪು ಹತ್ತನೆಯ ವರ್ಷಕ್ಕೆ ಸಾಲುತ್ತದೆಯೇ ಎಂದು ನೋಡಲು ಆ ವರ್ಷದ ಒರಟುತನವನ್ನು ಹಾಕಿ ಲೆಕ್ಕವನ್ನು ಮತ್ತೊಮ್ಮೆ ಓಡಿಸಬೇಕು.